ಲಾರಿ ತಡೆಯುವ ಬೆಂಚು

ನಗರದ ನಡುಚೌಕವು ಸರ್ವರಿಗೂ ಸದಾ ತೆರೆದಿರತಕ್ಕದ್ದು, ಮತ್ತು ಅದರೊಳಗೆ ಯಾರೂ ನುಗ್ಗಲಾಗದಂತೆ ಇರತಕ್ಕದ್ದು ಎಂದು ನಗರಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಎರಡನ್ನೂ ಒಟ್ಟಿಗೆ ಸಾಧಿಸುವ ಹೊಣೆ ದರ್ಜಿ ಯಜಮಾನರ ಅಳಿಯನ ಹೆಗಲಿಗೆ ಬಿತ್ತು. ಅಳಿಯ ನಗರಸಭೆಯ ವಿನ್ಯಾಸಕ. ಓದಿದವನು, ನಕ್ಷೆ ಬಿಡಿಸದೆ ನೀರೂ ಕುಡಿಯದವನು ಅನ್ನಿ.

ದರ್ಜಿಯವರಿಗೆ ಇದರಲ್ಲಿ ಒಂದೇ ಚಿಂತೆ. ಕತ್ತರಿ ಮಗನ ಕೈಗೆ ಕೊಟ್ಟಾಗಿನಿಂದ ಸಂಜೆಯಾದರೆ ಅವರು ಚೌಕದ ಮರದ ಬೆಂಚಿನ ಮೇಲೆ ಕ್ಷೌರಿಕ ಗೆಳೆಯನೊಡನೆ ಚದುರಂಗ ಆಡುವವರು. ಆಟಕ್ಕಿಂತ ಜಗಳವೇ ಜಾಸ್ತಿ. ಆದರೆ ಜಗಳವಿಲ್ಲದ ದಿನ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಅಳಿಯಂದಿರೇ, ನಮ್ಮ ಬೆಂಚು ಇರುತ್ತೆ ತಾನೇ?”

“ಹಳೇದು ಹೋಗುತ್ತೆ ಮಾವ, ಹೊಸದು ಬರುತ್ತೆ. ಲಾರಿ ಗುದ್ದಿದರೂ ಅಲ್ಲಾಡಲ್ಲ.”

“ಇಲ್ಲಿಗೆ ಲಾರಿ ಎಲ್ಲಿಂದ ಬರಬೇಕು? ಆ ಬೀದೀಲಿ ಇಬ್ಬರು ದಪ್ಪಗಿನವರು ಎದುರಾದರೆ ಒಬ್ಬರು ಹಿಂದಕ್ಕೆ ನಡೀಬೇಕು.”

“ಇದುವರೆಗೆ ಬಂದಿಲ್ಲ ಅಂದರೆ, ಇನ್ನು ಮುಂದೆ ಬರೋದಿದೆ ಅಂತ ತಾನೇ ಮಾವ?”

ಭದ್ರತೆ ಕಣ್ಣಿಗೆ ಬೀಳಬಾರದು, ಮುಕ್ತತೆ ಕಣ್ಣಿಗೆ ಬೀಳದೆ ಇರಬಾರದು ಎಂಬ ನಿಯಮದಂತೆ, ಗೋಡೆಯ ಬದಲು ಕಾಂಕ್ರೀಟಿನ ಬೆಂಚುಗಳು ತಯಾರಾದವು. ಅವನ್ನು ಹೊತ್ತು ತಂದ ಲಾರಿ ಬೀದಿಯ ಬಾಯಲ್ಲೇ ಸಿಕ್ಕಿಕೊಂಡಿತು. ಆದ್ದರಿಂದ ಎರಡೂ ಬದಿಯ ಅಂಗಡಿಗಳ ಮೆಟ್ಟಿಲು ಒಡೆದು ಬೀದಿಯನ್ನು ಅಗಲ ಮಾಡಲಾಯಿತು. ಅದರಲ್ಲಿ ದರ್ಜಿಯವರ ಅಂಗಡಿಯ ಮೆಟ್ಟಿಲೂ ಸೇರಿತ್ತು. ಅಂದಿನಿಂದ ಲಾರಿಗಳು ಸಲೀಸಾಗಿ ಬರತೊಡಗಿದ್ದರಿಂದ ಬೆಂಚುಗಳ ಅಗತ್ಯ ಎಷ್ಟಿತ್ತೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಮುಂದಾಲೋಚನೆಗಾಗಿ ಅಳಿಯನಿಗೆ ಬಡ್ತಿ ದೊರೆಯಿತು.

ಹಳೆಯದರ ಜಾಗದಲ್ಲಿ ಕೂರಿಸಿದ ಹೊಸ ಬೆಂಚನ್ನು ದರ್ಜಿಯವರು ಕೊರಳಿನ ಟೇಪು ಬಿಚ್ಚಿ ಅಳೆದರು. ಬೆಂಚು ಅವರ ತಲೆಗಿಂತ ಒಂದು ಗೇಣು ಮೇಲಿತ್ತು.

“ನಿನ್ನ ಅಳಿಯ ಇದನ್ನ ಮಾಡಿರೋದು ಲಾರಿ ಕೂತ್ಕೊಳ್ಳೋಕೆ ಕಣಯ್ಯ,” ಎಂದರು ಕ್ಷೌರಿಕರು.

ಅಷ್ಟರಲ್ಲಿ ಚೌಕದ ಕಾವಲುಗಾರ ನಗರಸಭೆಯ ಏಣಿ ತಂದ. ಇಬ್ಬರನ್ನೂ ಮರ್ಯಾದೆಯಿಂದ ಹತ್ತಿಸಿದ. ಕಾಯಿ ಜೋಡಿಸುವಷ್ಟರಲ್ಲಿ ಏಣಿ ಹೆಗಲಿಗೇರಿಸಿ ಹೊರಟ.

“ಲೋ, ಏಣಿ ಎಲ್ಲಿಗೋ?” ಎಂದರು ದರ್ಜಿಯವರು.

“ವಾರಸುದಾರರಿಲ್ಲದ ವಸ್ತು ಚೌಕದಲ್ಲಿ ಬಿಡಬಾರದು ಯಜಮಾನ್ರೇ. ಅನುಮಾನಾಸ್ಪದ.”

“ನಾವಿಲ್ವೇನೋ?”

“ನೀವು ಮೇಲಿದ್ದೀರಿ, ಏಣಿ ಕೆಳಗಿರುತ್ತೆ.”

“ಹಾಗಾದರೆ ಇಳಿಯೋದು?”

“ಹತ್ತಿಸೋಕೆ ಆದೇಶ ಬಂದಿದೆ. ಇಳಿಸೋದಕ್ಕೆ ಇನ್ನೂ ಬಂದಿಲ್ಲ.”

ಜಿಗಿಯೋಣವೆಂದರೆ ನಾಲ್ಕು ಮೊಣಕಾಲುಗಳಲ್ಲಿ ಒಂದೂ ಒಪ್ಪಲಿಲ್ಲ. ಊಟದ ಹೊತ್ತಿಗೆ ದರ್ಜಿಯವರ ಮಗಳು ಬಂದು, ಬುತ್ತಿಯನ್ನು ಅಪ್ಪನದೇ ಅಳತೆಕೋಲಿಗೆ ಸಿಕ್ಕಿಸಿ ಮೇಲೆ ಚಾಚಿದಳು.

“ಅಪ್ಪ, ಮನೆಗೆ ಬರೋ ಯೋಚನೆ ಇದೆಯೋ ಇಲ್ವೋ?”

“ತಾಳಮ್ಮ, ಇವನ ರಾಜ ಸಿಕ್ಕಿಬಿದ್ದಿದ್ದಾನೆ.”

“ರಾಜ ಒಬ್ಬನೇ ಅಲ್ಲ ಬಿಡು ತಾಯಿ,” ಎಂದರು ಕ್ಷೌರಿಕರು, ಬುತ್ತಿ ಬಿಚ್ಚುತ್ತಾ.

ಪರಿಶೀಲನೆಗೆ ಬರುತ್ತಿದ್ದ ನಗರಸಭೆಯ ಅಧ್ಯಕ್ಷರು, ಬಂದಾಗಲೆಲ್ಲ ನಾಗರಿಕರು ಅಲ್ಲಿ ಕೂತೇ ಇರುವುದನ್ನು ಕಂಡು ಪುಳಕಿತರಾದರು. ಜನ ಬಿಟ್ಟುಹೋಗಲು ಒಲ್ಲದ ಏಕೈಕ ಸಾರ್ವಜನಿಕ ಸ್ಥಳವೆಂದು ಚೌಕಕ್ಕೆ ಬಿರುದು ಬಂತು. ಮೇಲೆ ಗಾಳಿ ಚೆನ್ನಾಗಿದೆಯಂತೆ ಎಂದು ಉಳಿದ ಬೆಂಚುಗಳಿಗೂ ಸಾಲು ನಿಂತಿತು. ದಿಂಬು ತಂದವರೂ ಇದ್ದರು. ಬೆಂಚುಗಳೆಲ್ಲ ತುಂಬಿದ ಮೇಲೆ ಫಲಕವೊಂದನ್ನು ನೆಡಲಾಯಿತು:

“ಚೌಕವು ಸರ್ವರಿಗೂ ಮುಕ್ತ. ಇಳಿಯಬಯಸುವವರು ಕೆಳಗಿನ ನಗರಸಭೆ ಕಿಟಕಿಗೆ ಖುದ್ದಾಗಿ ಬಂದು ಅರ್ಜಿ ಸಲ್ಲಿಸತಕ್ಕದ್ದು.”

ದರ್ಜಿಯವರು ಕನ್ನಡಕ ಸರಿಮಾಡಿಕೊಂಡು ಅದನ್ನು ಪೂರ್ತಿ ಓದಿದರು. ಆಮೇಲೆ ಕುದುರೆಯನ್ನು ನಡೆಸಿ, “ಅವಸರವೇನಿಲ್ಲ, ನಿಧಾನವಾಗಿ ಯೋಚಿಸಿ ಆಡು,” ಎಂದರು.