ಬೋರಲಿಂಗಯ್ಯನ ಪಾತಾಳಗರಡಿ

ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬೋರಲಿಂಗಯ್ಯನ ಪಾತಾಳಗರಡಿ ಜಗಲಿಯಿಂದ ಬೀದಿಗೆ ಬಿದ್ದಿತ್ತು. ಸುತ್ತ ಕೊಕ್ಕೆಗಳಿರುವ ಆ ಕಬ್ಬಿಣದ ಬಳೆಯನ್ನು ಹಗ್ಗ ಕಟ್ಟಿ ಬಾವಿಗಿಳಿಸಿ, ಮುಳುಗಿದ ಕೊಡಗಳನ್ನು ಎತ್ತಿಕೊಟ್ಟೇ ಹೊಂಗನೂರಿನಲ್ಲಿ ನಲವತ್ತು ವರ್ಷ ಬಾಳಿದ ಮನುಷ್ಯ ಅವನು.

"ಮೂರು ವರ್ಸಾಯ್ತು, ಒಂದು ನರಪಿಳ್ಳೆ ಕರದೈತಾ? ಮಧ್ಯಾಹ್ನ ಗುಜರಿ ಇದ್ರೀಸ ಬತ್ತಾನೆ, ತೂಕಕ್ಕೆ ಹಾಕ್ಬುಡ್ತೀನಿ," ಎಂದಳು ಹೆಂಡತಿ ಬೈರಮ್ಮ.

"ಅಷ್ಟರೊಳಗೆ ಯಾರಾರ ಕರದ್ರೆ?"

"ಕರದ್ರೆ ಮಡೀಕೊ. ದೇವ್ರ ಪಕ್ಕದಲ್ಲೇ ಮಡಗಿ ಪೂಜೆ ಮಾಡು."

ಆ ಬೀದಿಯಲ್ಲಿ ಈಗ ನೀರಿರುವ ಬಾವಿ ಪಕ್ಕದ ಮನೆ ಪ್ರತಿಮಾಳ ಹಿತ್ತಲಿನದು ಒಂದೇ. ಬೋರಲಿಂಗಯ್ಯ ಅಲ್ಲಿಗೆ ಹೋಗಿ, ಅತ್ತಿತ್ತ ನೋಡಿ, ಕಟ್ಟೆ ಮೇಲಿದ್ದ ಕೊಡವನ್ನು ಮೊಣಕೈಯಿಂದ ತಳ್ಳಿದ. ಹಾಳಾದ್ದು, ಪ್ಲಾಸ್ಟಿಕ್! ಬಾತುಕೋಳಿಯ ಹಾಗೆ ತೇಲಿತು. ತನ್ನ ಅನ್ನಕ್ಕೆ ಮಣ್ಣು ಹಾಕಿದ್ದೇ ಈ ಪ್ಲಾಸ್ಟಿಕ್ ಎಂದು ಶಪಿಸುತ್ತ ಮನೆಗೆ ಓಡಿ, ಅಟ್ಟದ ಮೇಲಿನ ಹಿತ್ತಾಳೆ ಕೊಡವನ್ನು ಟವೆಲ್ಲಿನಲ್ಲಿ ಮುಚ್ಚಿ ತಂದು ಕೈಬಿಟ್ಟ. ಗುಳುಂ!

"ಪ್ರತಿಮಾ, ನಿನ್ ಬಾವಿಗೆ ಏನೋ ಬಿತ್ತು ಕಣವ್ವಾ!"

"ಅಯ್ಯೋ, ಬೇಗ ಗರಡಿ ತನ್ನಿ ತಾತ!"

ಕರೆದಳು! ಬೈರಮ್ಮನ ಕಿವಿಗೂ ಬಿತ್ತು. ಬೀದಿಯೇ ನೆರೆಯಿತು. ಬೋರಲಿಂಗಯ್ಯನಿಗೆ ಹಳೆಯದೆಲ್ಲ ನೆನಪಾಯಿತು. ಎಂಥ ಕಾಲ ಅದು! ಹೆಂಗಸರು ಉಸಿರು ಬಿಗಿಹಿಡಿದು ಬಾವಿ ಸುತ್ತ ನಿಲ್ಲುತ್ತಿದ್ದರು. ಕೊಡ ತಗುಲಿದ ನಡುಕ ಹಗ್ಗದಿಂದ ಅಂಗೈಗೆ ಬಂದಾಗ ಇವನು ಕಣ್ಣು ಮುಚ್ಚಿ "ಸಿಕ್ತು" ಅನ್ನುತ್ತಿದ್ದ. ಮುದ್ದೆ ಊಟ ಹಾಕದೆ ಯಾರೂ ಕಳಿಸುತ್ತಿರಲಿಲ್ಲ. ಗರಡಿ ಎರವಲು ಬೇಕೆಂದರೆ ಮಾತ್ರ ಮೊದಲು ಒಂದು ಪಾತ್ರೆ ಅಡ ಇಡಬೇಕಿತ್ತು. ಹೆಣ್ಣು ಕೊಟ್ಟ ಮಾವನಿಗೂ ಆ ನಿಯಮ ಸಡಿಲಿಸಿದವನಲ್ಲ. ಈಗ ಬೀದಿಯಿಂದ ಗರಡಿ ತಂದು, ಹಳೇ ಹಗ್ಗ ಕಟ್ಟಿ ಬಾವಿಗಿಳಿಸಿದ.

"ಹಗ್ಗ ಲಡ್ಡಾಗೈತೆ ಕಣ್ಲಾ ಬೋರ, ಕಿತ್ಕೋತದೆ," ಎಂದ ಎದುರು ಮನೆಯ ರಾಮಲಿಂಗಯ್ಯ.

"ನೀ ಸುಮ್ಕಿರ್ಲಾ, ನಂಗೊತ್ತು."

ಅಂಗೈಗೆ ಆ ನಡುಕ ಬಂತು. ಬೋರಲಿಂಗಯ್ಯನ ಕಣ್ಣು ಒದ್ದೆಯಾಯಿತು. "ಸಿಕ್ತು!" ಎಂದು ಎಳೆದ. ಹಗ್ಗ ಪಟ್ಟೆಂದು ತುಂಡಾಗಿ ಗರಡಿಯೂ ನೀರುಪಾಲಾಯಿತು.

ಅಷ್ಟರಲ್ಲಿ ಇದ್ರೀಸನ ಲಗೇಜ್ ಆಟೋ ಬಂದು ನಿಂತಿತು. ಚಿಕ್ಕಂದಿನಲ್ಲಿ ಇದೇ ಊರಲ್ಲಿದ್ದವನು ಅವನು. ಗುಜರಿ ರಾಶಿಯ ಮೇಲೆ, ಯಾವುದೋ ಊರಲ್ಲಿ ತೂಕಕ್ಕೆ ಕೊಂಡ ಇನ್ನೊಂದು ಗರಡಿ!

"ಒಸಿ ಕೊಡಪ್ಪ," ಬೋರಲಿಂಗಯ್ಯ ಕೈಚಾಚಿದ.

"ಅಡ ಇಡಿ ತಾತ. ನಮ್ಮಮ್ಮ ಗರಡಿ ಕೇಳಕ್ಕೆ ಬಂದಾಗ ಇದ್ದ ಒಂದೇ ಚೊಂಬು ಇಸ್ಕೊಂಡ್ರಿ. ಅವತ್ತು ನಾವೆಲ್ಲ ಬೊಗಸೇಲಿ ನೀರು ಕುಡುದ್ವಿ," ಎಂದ ಇದ್ರೀಸ್, ನಗುತ್ತಲೇ.

ಬೋರಲಿಂಗಯ್ಯ ತಲೆ ತಗ್ಗಿಸಿದ. ಅದನ್ನು ನೋಡಲಾರದೆ ಬೈರಮ್ಮ ಮುಂದೆ ಬಂದಳು. "ಅಟ್ಟದ ಮೇಲೆ ನಮ್ಮವ್ವ ಕೊಟ್ಟ ಕೊಡ ಐತೆ, ತತ್ತೀನಿ ಇರು!"

"ಬ್ಯಾಡ ಕಣೇ!" ಅವನು ಕೂಗುವಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು.

ಅಡ ಹೇಗೂ ಬರುತ್ತದೆಂದು ಇದ್ರೀಸ್ ಆಟೋದಲ್ಲಿದ್ದ ಹಗ್ಗ ಕಟ್ಟಿ ಗರಡಿ ಇಳಿಸಿ ಎಳೆದ. ಹಳೆಯ ಗರಡಿ ಮೇಲೆ ಬಂತು. ಅದರ ಕೊಕ್ಕೆಯಲ್ಲಿ ಹಿತ್ತಾಳೆ ಕೊಡ. ಕೊಡದ ಕತ್ತಿನ ಮೇಲೆ ಕೊರೆಸಿದ್ದ ಹೆಸರನ್ನು ರಾಮಲಿಂಗಯ್ಯ ಬೀದಿಗೆಲ್ಲ ಕೇಳುವಂತೆ ಓದಿದ: "ಬೈ... ರ... ಮ್ಮ!"

ಬರಿಗೈಯಲ್ಲಿ ವಾಪಸಾದ ಬೈರಮ್ಮ ಕೊಡವನ್ನು ನೋಡಿದಳು, ಗಂಡನನ್ನು ನೋಡಿದಳು. ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೇಳಿದಳು:

"ಇದ್ರೀಸಪ್ಪ, ಎಲ್ಡು ಗರಡೀನೂ ನೀನೇ ಮಡೀಕೊ. ಆಟೋದಲ್ಲಿ ಜಾಗ ಇದ್ರೆ ಇವಯ್ಯನ್ನೂ ಹತ್ತುಸ್ಕೊ."