ಸೇನಾಪತಿಗಾಗಿ ಮೀನು ಬಿಟ್ಟ ಅತ್ತೆ

ನಮ್ಮ ಅತ್ತೆ ಹೊನ್ನಾವರದ ಮೀನುಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತು ಒಂದು ರಾಜ್ಯವನ್ನೇ ಆಳುತ್ತಾಳೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ಒಂದು ದಿನ ಬೆಳಿಗ್ಗೆ ಬಂದು ಅವಳ ಎದುರು ನಿಂತು, "ಆ ರಾಣಿ ಮಾಡಿದ್ದು ತಪ್ಪು" ಎಂದು ಹೇಳಿ ನೋಡಿ. ಆಮೇಲೆ ನಿಮ್ಮ ಚೀಲಕ್ಕೆ ಬೀಳುವ ಬಂಗಡೆಯ ಕಣ್ಣು ನೋಡಿದರೆ ಸಾಕು, ಆ ರಾಜ್ಯದಲ್ಲಿ ನಿಮ್ಮ ಸ್ಥಾನಮಾನ ಏನೆಂದು ತಿಳಿದುಬಿಡುತ್ತದೆ!

ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಗಂಡನ ತಾಯಿಯ ಬಗ್ಗೆ ಹೀಗೆ ಬರೆಯಲು ನನಗೇನು ತಲೆ ಕೆಟ್ಟಿದೆಯೇ? ನನ್ನ ಊರು ಬೆಳಕೆ. ಹೊನ್ನಾವರದಲ್ಲಿ ಕಚೇರಿ ಕೆಲಸ ಸಿಕ್ಕಿದ ಮೇಲೆ ಅತ್ತೆಯ ಮನೆಯಲ್ಲೇ ನನ್ನ ಠಿಕಾಣಿ. ಮನೆಯಲ್ಲಿ ಇರುವವರು ಮೂವರು: ಅತ್ತೆ, ಮಾವ, ನಾನು. ಮಾವ ಹಿಂದೆ ಗಲ್ಫಿನ ಮೀನು ದೋಣಿಗಳಲ್ಲಿ ದುಡಿದು ಬಂದವನು. ಈಗ ಜಗಲಿಯಲ್ಲಿ ಕೂತು ಹರಿದ ಬಲೆ ಸರಿಮಾಡಿಕೊಡುತ್ತಾನೆ. ಅವನು ಮೂಕನಲ್ಲ. ಆದರೆ "ಹೂಂ", "ಆತು", "ಬೇಡ" ಇಷ್ಟರಲ್ಲೇ ಸಂಸಾರ ನಡೆಸುವ ವಿದ್ಯೆ ಅವನಿಗೆ ಸಿದ್ಧಿಸಿದೆ. ಕನ್ನಡದ ಉಳಿದ ಶಬ್ದಗಳೆಲ್ಲ ಅತ್ತೆಯ ಪಾಲಿಗೆ ಬಂದಿವೆ, ಅವಳು ಅದರಲ್ಲಿ ಒಂದನ್ನೂ ವ್ಯರ್ಥ ಮಾಡುವುದಿಲ್ಲ.

ಸಂಜೆಯ ಹೊತ್ತು ಟಿವಿಯಲ್ಲಿ ಒಂದು ರಾಜರ ಕಾಲದ ಧಾರಾವಾಹಿ ಬರುತ್ತದೆ. ಅದರಲ್ಲಿ ಒಬ್ಬಳು ವಿಧವೆ ರಾಣಿ, ಒಬ್ಬ ಕುತಂತ್ರಿ ಮಂತ್ರಿ, ಒಬ್ಬ ನಿಷ್ಠಾವಂತ ಸೇನಾಪತಿ. ರಾಣಿ ಅಡುಗೆಮನೆಗೆ ಹೋಗುವಾಗಲೂ ಕಿರೀಟ ಹಾಕಿಕೊಂಡೇ ಹೋಗುತ್ತಾಳೆ. ಮಂತ್ರಿ ಒಬ್ಬನೇ ಇದ್ದಾಗ ತನ್ನ ಸಂಚನ್ನೆಲ್ಲ ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ, ಕಾವಲುಗಾರರಿಗೆ ಮಾತ್ರ ಕೇಳಿಸುವುದಿಲ್ಲ. ನಾನು ಇದನ್ನೆಲ್ಲ ಎತ್ತಿ ತೋರಿಸಿದಾಗ ಅತ್ತೆ, "ನೀ ಕಚೇರಿ ಫೈಲ್ ನೋಡು. ರಾಜ್ಯದ ವಿಚಾರ ನಿಂಗೆ ಬೇಡ" ಎಂದಿದ್ದಳು.

ಸಂಜೆ ನೋಡಿದ್ದರ ಚರ್ಚೆ ಮರುದಿನ ಮೀನುಪೇಟೆಯಲ್ಲಿ. ಅಲ್ಲಿ ಅತ್ತೆಗೆ ಒಬ್ಬ ಬದ್ಧ ವೈರಿ ಇದ್ದಾರೆ. ಭಟ್ಕಳದಲ್ಲಿ ಮದುವೆ ಊಟದ ಗುತ್ತಿಗೆ ಹಿಡಿಯುವ ಸಾಹೇಬರು, ಒಳ್ಳೆಯ ಮೀನು ಬೇಕೆಂದರೆ ಇಲ್ಲಿಯವರೆಗೆ ಬರುತ್ತಾರೆ. ಹೆಂಡತಿ, ಸೊಸೆಯರ ಜೊತೆ ಅವರೂ ಅದೇ ಧಾರಾವಾಹಿ ನೋಡುತ್ತಾರೆ. ಆದರೆ ಅವರು ಮಂತ್ರಿಯ ಪಕ್ಷ. ಅತ್ತೆಯನ್ನು ಅವರು ಕರೆಯುವುದು ಮರ್ಯಾದೆಯಿಂದ 'ಬಾಯಿ' ಎಂದು.

"ಮಂತ್ರಿ ಇಲ್ಲದಿದ್ರೆ ಆ ರಾಣಿಗೆ ಒಂದು ದಿನ ರಾಜ್ಯ ನಡ್ಸೂಕೆ ಬರೂದಿಲ್ಲ ಬಾಯಿ" ಎಂದರು ಒಮ್ಮೆ, ದೊಡ್ಡ ಇಸ್ವಾಣವೊಂದನ್ನು ಬೆರಳಿನಿಂದ ಒತ್ತಿ ನೋಡುತ್ತ.

ಅತ್ತೆ ಆ ಮೀನನ್ನು ಎತ್ತಿ ಬುಟ್ಟಿಯ ಒಳಗಿಟ್ಟು ಗೋಣಿ ಮುಚ್ಚಿದಳು. "ಹಂಗಾರೆ ಮಂತ್ರಿ ಹತ್ರನೇ ಹೋಗಿ ಇಸ್ವಾಣ ತಕಳಿ."

"ಅಲ್ಲ ಬಾಯಿ, ನಾಳೆ ನಿಕಾಹ್ ಅದೆ, ಜನ ಊಟಕ್ಕೆ ಬರ್ತ್ರು!"

"ಮಂತ್ರಿ ಬಡಿಸ್ಲಿ."

ಸಾಹೇಬರು ಆಚೀಚೆ ನೋಡಿದರು. ಉಳಿದ ಹೆಂಗಸರ ಬುಟ್ಟಿಯಲ್ಲಿ ಬರೀ ಸಣ್ಣ ತಾರ್ಲೆ ಮೀನು. "ಆತು ಮಾರಾಯ್ತಿ, ಮಂತ್ರಿ ಕಳ್ಳ. ಈಗ ತೂಗು" ಎಂದರು. ಅತ್ತೆ ತೂಗಿದಳು. ಅವರು ಮೀನನ್ನು ಗಾಡಿಗೆ ಹಾಕಿ, ಬಾಗಿಲು ಹಾಕಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಂತ್ರಿಗೆ ತಲೆ ಅದೆ ಬಾಯಿ!" ಎಂದು ಕೂಗಿ ಹೊರಟೇಬಿಟ್ಟರು. ಆ ದಿನವಿಡೀ ಅತ್ತೆಯ ಕತ್ತಿಗೆ ಸಿಕ್ಕ ಮೀನುಗಳ ಪಾಡು ನೋಡುವಂತಿರಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿದ್ದ ರಾಜ್ಯದಲ್ಲಿ ಒಂದು ಸಂಜೆ ಅನಾಹುತವಾಯಿತು. ಹಡಗಿನ ಮೇಲೆ ಯುದ್ಧ ನಡೆಯುವಾಗ ಮಂತ್ರಿಯ ಕಡೆಯವನೊಬ್ಬ ಹಿಂದಿನಿಂದ ಬಂದು ಸೇನಾಪತಿಯನ್ನು ಸಮುದ್ರಕ್ಕೆ ತಳ್ಳಿದ. ನೀರಿನ ಮೇಲೆ ಬರೀ ಮುಂಡಾಸು ತೇಲಿತು. ರಾಣಿ ಅತ್ತಳು. ನಾನು ಹಪ್ಪಳ ತಿನ್ನುತ್ತಿದ್ದೆ, ಅತ್ತೆ ಒಮ್ಮೆ ದುರುಗುಟ್ಟಿ ನೋಡಿದಳು, ಹಪ್ಪಳ ಅಲ್ಲೇ ನಿಂತಿತು.

"ಸತ್ತಿಲ್ಲ" ಎಂದಳು ಅತ್ತೆ. "ಅದೆಂತ ಸಮುದ್ರವಾ? ತೆರೆಯಿಲ್ಲ, ಸೆಳವಿಲ್ಲ. ಯಾವುದೋ ಹೋಟೆಲಿನವ್ರು ಈಜೂಕೆ ಮಾಡಿದ ಹೊಂಡ ಅದು. ಅದ್ರಲ್ಲಿ ಬಿದ್ದವ ಸಾಯೂದು ಹೆಂಗೆ?"

ನೋಡಿ, ಇದು ಅತ್ತೆಯ ತರ್ಕ. ಸಮುದ್ರ ಸುಳ್ಳು, ಹಡಗು ಸುಳ್ಳು, ಯುದ್ಧ ಸುಳ್ಳು. ಸೇನಾಪತಿ ಮಾತ್ರ ನಿಜ!

ಮರುದಿನ ಬೆಳಿಗ್ಗೆ ಅವಳು ನನ್ನನ್ನೂ ಎಳೆದುಕೊಂಡು ಸೀದಾ ದೇವಸ್ಥಾನಕ್ಕೆ ಹೊರಟಳು. ನಮ್ಮ ಕಡೆ ದೇವರ ಹತ್ತಿರ ಪ್ರಸಾದ ಕೇಳುವ ಪದ್ಧತಿ ಇದೆ. ಭಟ್ಟರು ಮೂರ್ತಿಗೆ ಹೂವಿನ ಎಸಳು ಅಂಟಿಸುತ್ತಾರೆ, ನಾವು ಮನಸ್ಸಿನಲ್ಲಿದ್ದುದನ್ನು ಕೇಳಿಕೊಳ್ಳಬೇಕು. ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಜನ ಮಗಳ ಮದುವೆ, ಜಾಗದ ತಕರಾರು, ಹೊಸ ದೋಣಿ ಇಂಥ ಸಂಗತಿ ಕೇಳಲು ಬರುತ್ತಾರೆ. ಅತ್ತೆ ಕೈಮುಗಿದು ನಿಂತು, "ಸೇನಾಪತಿ ಜೀವಂತ ಇದ್ನಾ ಹೇಳಿ ಕೇಳೂದದೆ" ಎಂದಳು.

ಭಟ್ಟರ ಕೈಯಲ್ಲಿದ್ದ ಎಸಳು ಅಲ್ಲೇ ಉಳಿಯಿತು. "ದೇವರಿಗೆ ಟಿವಿ ಇಲ್ಲೆ ಮಾರಾಯ್ತಿ."

"ದೇವ್ರಿಗೆ ಟಿವಿ ಎಂತಕೆ? ಎಲ್ಲ ಕಾಣ್ತದೆ ಅವ್ರಿಗೆ."

ಗರ್ಭಗುಡಿಯ ಕಡೆ ತಿರುಗಿದ ಭಟ್ಟರು ಮತ್ತೆ ನಮ್ಮ ಕಡೆ ತಿರುಗಿ ದನಿ ತಗ್ಗಿಸಿದರು. "ನಮ್ಮನೆಯಲ್ಲೂ ನಿನ್ನೆಯಿಂದ ಅದೇ ಮಾತು. ಆತು, ಕೇಳ್ವ." ಎಸಳು ಅಂಟಿಸಿದರು, ಗಂಟೆ ಬಾರಿಸಿದರು. ತುಸು ಹೊತ್ತಿಗೆ ಎಸಳು ಬಲಕ್ಕೆ ಬಿತ್ತು. ಭಟ್ಟರೇ ಮೊದಲು ನಿಟ್ಟುಸಿರುಬಿಟ್ಟರು ಎಂದು ನನ್ನ ಅನುಮಾನ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆ ಆ ಸಂತೋಷದಲ್ಲೇ ಅಡ್ಡಬಿದ್ದು ಹರಕೆ ಹೊತ್ತುಕೊಂಡುಬಿಟ್ಟಳು. "ಅವ ಮನೆಗೆ ವಾಪಸ್ ಬಂದು ಮುಟ್ಟೂವರೆಗೆ ನಾ ಮೀನು ಬಾಯಿಗೆ ಇಡೂದಿಲ್ಲ."

ಇದರ ಗಾಂಭೀರ್ಯ ನಿಮಗೆ ಅರ್ಥವಾಯಿತೋ ಇಲ್ಲವೋ! ಅತ್ತೆ ಸೋಮವಾರ ಮೀನು ತಿನ್ನುವುದಿಲ್ಲ, ಆ ಒಂದು ದಿನವೇ ಮನೆಯಲ್ಲಿ ನಾವು ಗೋಡೆಗೆ ಒತ್ತಿಕೊಂಡು ಓಡಾಡುತ್ತೇವೆ. ಈಗ ವಾರವೆಲ್ಲ ಸೋಮವಾರ. ಮಾವನ ತಟ್ಟೆಗೆ ಸಾರು ಬಡಿಸಲು ಹೋದರೆ ಅವನು "ಬೇಡ" ಎಂದ. ಹೆಂಡತಿ ಬಿಟ್ಟದ್ದು ಅವನಿಗೂ ಬೇಡವಂತೆ. ಇಬ್ಬರೂ ಬಿಟ್ಟ ಮೇಲೆ ನನ್ನೊಬ್ಬಳಿಗಾಗಿ ಯಾರು ಮಸಾಲೆ ಅರೆಯುತ್ತಾರೆ? ಹರಕೆ ಹೊರದೆಯೇ ಹರಕೆಗೆ ಸಿಕ್ಕಿಬಿದ್ದ ನಾನು, ಮಧ್ಯಾಹ್ನ ಕಚೇರಿಯ ಹತ್ತಿರದ ಖಾನಾವಳಿಯಲ್ಲಿ ಕದ್ದು ಮೀನು ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆಗೆ ಬರುತ್ತಿದ್ದೆ. ಅತ್ತೆ ಮೂಗರಳಿಸಿ, "ಏಲಕ್ಕಿ ಎಂತಕೆ ತಿಂದೆ ಹೇಳಿ ನಂಗೆ ಗೊತ್ತದೆ" ಎನ್ನುತ್ತಿದ್ದಳು.

ಮೀನುಪೇಟೆಯಲ್ಲಂತೂ ದೊಡ್ಡ ಜಿಜ್ಞಾಸೆ. ಒಣಮೀನು ಮೀನಿನ ಲೆಕ್ಕವೇ? ಶೆಟ್ಲಿ, ಅಂದರೆ ಸಿಗಡಿ? ಸಾಹೇಬರು ವಕೀಲರ ಹಾಗೆ ವಾದಿಸಿದರು. "ಶೆಟ್ಲಿಗೆ ಮುಳ್ಳಿಲ್ಲ, ರೆಕ್ಕೆಯಿಲ್ಲ. ಅದು ನೀರಿನ ಹುಳ ಬಾಯಿ. ನೀ ಆರಾಮ ತಿನ್ನು." ಅತ್ತೆ ಒಪ್ಪಲಿಲ್ಲ. "ದೇವ್ರಿಗೆ ಮೋಸ ಮಾಡೂಕೆ ನಾ ಎಂತ ಮಂತ್ರಿಯಾ?" ಎಂದಳು.

ನಗುತ್ತಲೇ ವಾರಗಳು ಕಳೆದವು, ಸೇನಾಪತಿಯ ಸುಳಿವಿಲ್ಲ. ಹುಟ್ಟಿದಾಗಿನಿಂದ ಮೀನಿನ ಸಾರಿನಲ್ಲಿ ಅನ್ನ ಕಲಸಿದವಳಿಗೆ ಬೇಳೆಸಾರಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ತುತ್ತು ತಿಂದು ಏಳುತ್ತಿದ್ದಳು. ರವಿಕೆ ಸಡಿಲವಾಯಿತು, ದನಿ ಇಳಿಯಿತು. ಒಂದು ಬೆಳಿಗ್ಗೆ ಬುಟ್ಟಿ ಎತ್ತುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಡಾಕ್ಟರು, "ಸರಿಯಾಗಿ ಉಣ್ಣಿ, ಮೀನು ತಿನ್ನಿ" ಎಂದರು. "ಅವ ಬರ್ಲಿ" ಎಂದಳು ಅತ್ತೆ. ಅವ ಯಾರು ಎಂದು ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಗಲೇ ನನಗೆ ಇನ್ನೊಂದು ಸಂಗತಿ ಗೊತ್ತಾಗಿತ್ತು. ಸೇನಾಪತಿಯ ಪಾತ್ರ ಮಾಡುತ್ತಿದ್ದ ನಟ ಧಾರಾವಾಹಿಯನ್ನೇ ಬಿಟ್ಟು ಹೋಗಿದ್ದ! ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿತ್ತು. ಅವನು ಬರುವುದಿಲ್ಲ ಎಂದರೆ ಹರಕೆ ತೀರುವುದಿಲ್ಲ, ಹರಕೆ ತೀರುವುದಿಲ್ಲ ಎಂದರೆ ಅತ್ತೆ ಉಣ್ಣುವುದಿಲ್ಲ. ಪತ್ರಿಕೆಯನ್ನು ನಾನು ಕಚೇರಿಯಲ್ಲೇ ಬಚ್ಚಿಟ್ಟೆ. ಏನು ಪ್ರಯೋಜನ? ಊರಿನ ಹಳೇ ಪತ್ರಿಕೆಗಳೆಲ್ಲ ಕೊನೆಗೆ ಹೋಗಿ ಸೇರುವುದು ಮೀನುಪೇಟೆಯನ್ನೇ. ಒಂದು ಬೆಳಿಗ್ಗೆ ಸಾಹೇಬರ ತಾರ್ಲೆ ಕಟ್ಟಲು ಅತ್ತೆ ಎತ್ತಿಕೊಂಡ ಹಾಳೆಯಲ್ಲಿ ಸೇನಾಪತಿ ಅಂಗಿ ಪ್ಯಾಂಟು ಹಾಕಿಕೊಂಡು ನಗುತ್ತಿದ್ದ. ಸಾಹೇಬರು ಓದಿ ಹೇಳಬೇಕಾಯಿತು. ಮಂತ್ರಿಯ ಪಕ್ಷದವರಾದರೂ ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡಳು. "ಕೆಲಸ ಬಿಟ್ಟವ ಈ ಮನುಷ್ಯ. ಸೇನಾಪತಿ ಎಂತಕೆ ಬಿಡ್ತ?" ಎಂದು ಆ ಹಾಳೆಯನ್ನು ಬದಿಗಿಟ್ಟು, ಬೇರೆ ಹಾಳೆಯಲ್ಲಿ ತಾರ್ಲೆ ಕಟ್ಟಿಕೊಟ್ಟಳು. ಸಾಹೇಬರು ಆ ದಿನ ಮಂತ್ರಿಯ ಸುದ್ದಿಯನ್ನೇ ಎತ್ತದೆ ಹೋದರು.

ಮತ್ತೆ ಕೆಲವು ದಿನಗಳ ಮೇಲೆ, ಒಂದು ಸಂಜೆ, ಟಿವಿಯಲ್ಲಿ ದಡಕ್ಕೆ ಒಂದು ದೋಣಿ ಬಂತು. ಅದರಿಂದ ಗಡ್ಡದವನೊಬ್ಬ ಇಳಿದ. ನಗಾರಿ ಗುಡುಗಿತು, ಶಂಖ ಮೊಳಗಿತು, ಗಾಳಿ ಬೀಸಿತು. ಅವನು ನಿಧಾನಕ್ಕೆ ಈ ಕಡೆ ತಿರುಗಿದ. ಕೆಳಗೆ ಅಕ್ಷರ ಬಂತು: ಇನ್ನು ಮುಂದೆ ಸೇನಾಪತಿಯ ಪಾತ್ರದಲ್ಲಿ ಇಂಥವರು.

ಬೇರೆ ಮನುಷ್ಯ! ಮೊದಲಿನವನು ಎತ್ತರದ ಆಳು, ಇವನು ಅವನ ಭುಜಕ್ಕೆ ಬಂದಾನು. ಅವನ ದನಿ ಕೇಳಿದರೆ ಕಿಟಕಿ ನಡುಗುತ್ತಿತ್ತು, ಇವನಿಗೆ ನೆಗಡಿಯಾದ ಹಾಗಿತ್ತು. ರಾಣಿ ಮಾತ್ರ ಒಂದು ಚೂರೂ ಅನುಮಾನಪಡದೆ ಓಡಿ ಬಂದಳು. ಅವಳಿಗೇನು, ಸಂಬಳ ಕೊಡುತ್ತಾರೆ! ನನಗೆ ಅಳು ಬರುವಂತಾಯಿತು. ಇವನನ್ನು ಅತ್ತೆ ಒಪ್ಪುವುದು ಹೇಗೆ? ಒಪ್ಪದಿದ್ದರೆ ಅವಳು ಉಣ್ಣುವುದು ಎಂದು?

"ಅತ್ತೆ, ಇವ ಅವನಲ್ಲ ಅಲ್ದಾ?" ಎಂದೆ ಮೆಲ್ಲಗೆ.

ಅತ್ತೆ ಟಿವಿಯನ್ನೇ ನೋಡುತ್ತಿದ್ದಳು. "ಹೋದವ್ರು ಹೋದ ಹಂಗೇ ವಾಪಸ್ ಬರ್ತ್ರು ಹೇಳಿ ಎಲ್ಲಿ ಅದೆ ಹೆಣ್ಣೆ?" ಎಂದಳು. "ಬಂದ್ನಲ್ಲ. ಆತು."

ಎದ್ದು ಒಳಗೆ ಹೋದಳು. ಮಾರಿ ಉಳಿದಿದ್ದ ಬಂಗಡೆಗಳನ್ನು ತೊಳೆಯುವ ಸದ್ದು ಕೇಳಿತು.

ನಾನು ಮಾವನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಅಪ್ಪ ಹೇಳಿದ್ದ ಮಾತುಗಳು ನನಗೆ ಆಗ ಒಂದೊಂದಾಗಿ ನೆನಪಾದವು. ಮದುವೆಯಾದ ಹೊಸತರಲ್ಲಿ ಮಾವ ಗಲ್ಫಿಗೆ ಹೋದದ್ದು. ಹೋಗುವಾಗ ಅವನು ಊರಿಗೇ ದೊಡ್ಡ ಮಾತುಗಾರ, ತಾಳಮದ್ದಳೆಯಲ್ಲಿ ಅರ್ಥ ಹೇಳಿದರೆ ಜನ ಏಳುತ್ತಿರಲಿಲ್ಲವಂತೆ. ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ. ದೋಣಿ ಮುಳುಗಿತು ಎಂದರು, ಜೈಲಿನಲ್ಲಿದ್ದಾನೆ ಎಂದರು, ಹೂವು ಕುಂಕುಮ ತೆಗಿ ಎಂದೂ ಹೇಳಿದವರಿದ್ದರು. ಅತ್ತೆ ತೆಗೆಯಲಿಲ್ಲ. ಕೊನೆಗೊಂದು ದಿನ ಬಂದವನ ಕೂದಲು ಹಣ್ಣಾಗಿತ್ತು, ಬೆನ್ನು ಬಾಗಿತ್ತು, ಬಾಯಲ್ಲಿ ಮಾತಿರಲಿಲ್ಲ. ಅಲ್ಲಿ ಏನಾಯಿತೆಂದು ಅವನು ಹೇಳಲಿಲ್ಲ, ಅತ್ತೆ ಕೇಳಲಿಲ್ಲ. ಹೆತ್ತ ತಾಯಿಯೇ "ಇವ ಯಾರು?" ಎಂದಳಂತೆ. ಮಾತು ಕಡಿಮೆ ಎಂದು ನಾನು ಇಷ್ಟು ದಿನ ತಮಾಷೆ ಮಾಡುತ್ತಿದ್ದುದು ಈ ಮನುಷ್ಯನನ್ನೇ.

ಅತ್ತೆ ಮೂರು ತಟ್ಟೆ ತಂದಿಟ್ಟಳು. ಹುರಿದ ಬಂಗಡೆ, ಬಿಸಿ ಅನ್ನ. ಬಡಿಸುವಾಗ ಮಾವ ಬಾಯಿ ತೆರೆದ. ಅವನು ಪ್ರಶ್ನೆ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಿಂಗೆ ಆವಾಗ, ಮೊದ್ಲಿನವನೇ ಬೇಕು ಹೇಳಿ ಕಾಣ್ಲಿಲ್ವಾ?"

ಅತ್ತೆ ಸೌಟು ಕೆಳಗಿಟ್ಟಳು. "ಕಂಡಿತ್ತು. ಸುಳ್ಳು ಎಂತಕೆ ಹೇಳ್ಲಿ, ಸುಮಾರು ವರ್ಷ ಕಂಡಿತ್ತು. ಆದ್ರೆ ಬಾಗ್ಲಲ್ಲಿ ನಿಂತವ್ರು ನೀವು. ಅವನ ಕಾಯ್ತ ನಿಮ್ಮನ್ನ ಹೊರಗೆ ನಿಲ್ಸೂಕೆ ಆತದಾ?"

ಮಾವ ತನ್ನ ತಟ್ಟೆಯ ಬಂಗಡೆಯ ಮುಳ್ಳು ಬಿಡಿಸಿದ, ನಡುವಿನ ದೊಡ್ಡ ತುಂಡನ್ನು ಅತ್ತೆಯ ಅನ್ನದ ಮೇಲಿಟ್ಟ. ಅತ್ತೆ ಕಣ್ಣೊರೆಸಿಕೊಂಡು ತಿಂದಳು.