ರಂಗನ ಏಕಾದಶಿ

ಹಸಿದವರಿಗೆ ಉಣಿಸಿದರೆ ಪುಣ್ಯ ಬರುತ್ತದೆ ಎಂದು ಹಿರಿಯರೆಲ್ಲ ಹೇಳಿದ್ದಾರೆ. ಹಸಿಯದವರಿಗೆ ಉಣಿಸಿದರೆ ಏನು ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ತಿಳಿಯಲು ಅರವತ್ತೇಳು ವರ್ಷದ ಆಯುಷ್ಯವೂ ಎರಡು ಮೀನುಗಳೂ ಖರ್ಚಾದವು. ಎರಡು ಎಂದೆನೇ? ಒಂದೂವರೆ ಎನ್ನಿ. ಒಂದು ಪೂರ್ತಿ ಹೋಯಿತು, ಇನ್ನೊಂದು ಅರ್ಧ ದಾರಿಯಿಂದ ಹೊರಳಿ ಬಂತು. ಇದನ್ನು ಯಾರ ಮುಂದಾದರೂ ಹೇಳಿಕೊಂಡರೆ ಮನಸ್ಸು ಹಗುರಾದೀತೆಂದು ಬರೆಯುತ್ತಿದ್ದೇನೆ. ನಾನು ಮೆಟ್ರಿಕ್‌ವರೆಗೆ ಓದಿದವನು. ಆಮೇಲೆ ಬರೆದದ್ದೆಲ್ಲ ಬಸ್ಸಿನ ಟಿಕೆಟ್ ಲೆಕ್ಕದ ವೇಬಿಲ್ಲು. ಬರವಣಿಗೆಯಲ್ಲಿ ಇಕ್ಕಟ್ಟಾದರೆ ದಯವಿಟ್ಟು ಸ್ವಲ್ಪ ಒಳಗೆ ಸರಿದು ಕೂತುಕೊಳ್ಳಿ.

ಮಾನ್ವಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನನ್ನದು. ರಾಯಚೂರು–ದೇವದುರ್ಗ ರಸ್ತೆಯಲ್ಲಿ ಕಂಡಕ್ಟರಾಗಿ ಸವೆದವನು. ಹೆಂಡತಿ ಪದ್ಮಾವತಿ ಇಲ್ಲೇ ಹತ್ತಿರದ ಕುರ್ಡಿ ಊರಿನವಳು. ನಮಗೆ ಮಕ್ಕಳಾಗಲಿಲ್ಲ. ಹೋದ ವರ್ಷ ಅವಳೂ ಹೋದಳು. ಜೀವಮಾನವಿಡೀ 'ಮುಂದ ನಡೀರಿ, ಇನ್ನೂ ಹತ್ತು ಮಂದಿ ಹಿಡಿತಾರ' ಎಂದು ಕೂಗಿದ ಬಾಯಿ ಇದು. ಈಗ ಮನೆಯಲ್ಲಿ ಎಷ್ಟು ಜಾಗ ಬೇಕಾದರೂ ಖಾಲಿ ಇದೆ, ಹತ್ತುವವರೇ ಇಲ್ಲ. ಕೆಲವು ದಿನ ಹಾಲಿನವನಿಗೆ 'ಅರ್ಧ ಲೀಟರ್' ಎಂದ ಮೇಲೆ ಮರುದಿನ ಮತ್ತೆ 'ಅರ್ಧ ಲೀಟರ್' ಎನ್ನುವವರೆಗೆ ಮಾತೇ ಇರುತ್ತಿರಲಿಲ್ಲ. ಮೀನುಗಳನ್ನು ಬಿಟ್ಟರೆ.

ನಮ್ಮಂಥ ಮಡಿವಂತರ ಮನೆಗೆ ಮೀನು ಹೇಗೆ ಬಂದವು ಎಂದು ನೀವು ಕೇಳಬಹುದು. ಪದ್ಮಳಿಗೆ ಬಿಪಿ ಇತ್ತು. 'ಮನಸ್ಸು ಶಾಂತ ಇಟ್ಕೋರಿ, ಮೀನ ಸಾಕಿ ನೋಡ್ಕೋತ ಕೂಡ್ರಿ' ಎಂದರು ಡಾಕ್ಟರು. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ ಒಂದು ಗಾಜಿನ ತೊಟ್ಟಿಯೂ ಎರಡು ಗೋಲ್ಡ್‌ಫಿಶ್ಶೂ ಮನೆಗೆ ಬಂದವು. ನಾನು ಮೂಗು ಮುರಿದೆ. 'ದೇವರ ಮೊದಲನೇ ಅವತಾರ ಯಾವುದ್ರಿ?' ಎಂದು ಕೇಳಿದಳು. ಮತ್ಸ್ಯಾವತಾರ ಎನ್ನಬೇಕಾಯಿತು, ಅಲ್ಲಿಗೆ ನನ್ನ ವಾದ ಮುಗಿಯಿತು. ಕೇಸರಿ ಬಣ್ಣದವನಿಗೆ ರಂಗ, ಬಿಳಿ ಮಚ್ಚೆಯವನಿಗೆ ವಿಠ್ಠಲ ಎಂದು ಹೆಸರಿಟ್ಟಳು. ಅವುಗಳಿಗೆ ಅವಳದೇ ಕಟ್ಟಳೆಗಳಿದ್ದವು. ದಿನಕ್ಕೆ ಎರಡು ಸಲ ಒಂದೊಂದೇ ಚಿಟಿಕೆ ಕಾಳು. ವಾರಕ್ಕೊಮ್ಮೆ ತೊಟ್ಟಿಯ ಮೂರರಲ್ಲಿ ಒಂದು ಪಾಲು ನೀರು ತೆಗೆದು ತುಳಸಿಗೆ. ಹೊಸ ನೀರು ಹಿಂದಿನ ದಿನವೇ ಬಕೆಟ್ಟಿನಲ್ಲಿ ತುಂಬಿ ತೊಟ್ಟಿಯ ಪಕ್ಕದಲ್ಲೇ ಇಟ್ಟಿರಬೇಕು. ಡ್ಯೂಟಿಯಿಂದ ಬಂದ ನಾನು ಎಷ್ಟೋ ಸಲ ಅದೇ ಬಕೆಟ್ಟಿನಲ್ಲಿ ಕಾಲು ತೊಳೆದು ಬೈಸಿಕೊಂಡಿದ್ದೇನೆ. ಕೊನೆಯ ಕಟ್ಟಳೆ, ಏಕಾದಶಿಯಂದು ಮೀನಿಗೂ ಉಪವಾಸ.

ಇಲ್ಲಿ ನನ್ನ ಮೊದಲನೆಯ ತಪ್ಪೊಪ್ಪಿಗೆ. ಪದ್ಮ ಏಕಾದಶಿಗೆ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ನಾನೂ ಮುಟ್ಟುವುದಿಲ್ಲ ಎಂದು ಅವಳು ನಂಬಿದ್ದಾಳೆಂದು ನಾನು ನಂಬಿದ್ದೆ. ದೇವದುರ್ಗದ ಬಸ್ ನಿಲ್ದಾಣದ ಹೊರಗೆ ಒಂದು ಗೂಡಂಗಡಿಯಿತ್ತು. ಅಲ್ಲಿ ಮಂಡಾಳಿನ, ಅಂದರೆ ಮಂಡಕ್ಕಿಯ, ಒಗ್ಗರಣಿಯ ಮೇಲೆ ಎರಡು ಬಿಸಿ ಮಿರ್ಚಿ ಭಜಿ ಇಟ್ಟು ಕೊಡುತ್ತಿದ್ದರು. ಉಳಿದ ದಿನ ಅತ್ತ ಕಣ್ಣೆತ್ತಿಯೂ ನೋಡದ ನನಗೆ ಏಕಾದಶಿಯಂದು ಮಾತ್ರ ಅದರ ವಾಸನೆ ಮಾನ್ವಿಯವರೆಗೂ ಬರುತ್ತಿತ್ತು. ನಿವೃತ್ತಿಯಾದ ಮೇಲೂ ಹದಿನೈದು ದಿನಕ್ಕೊಮ್ಮೆ ದೇವದುರ್ಗದಲ್ಲಿ ನನಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಲೇ ಇತ್ತು. ತಿಂದು, ಬಾಯಿ ಮುಕ್ಕಳಿಸಿ, ಮುಖ ಬಾಡಿಸಿಕೊಂಡು ಮನೆಗೆ ಬರುತ್ತಿದ್ದೆ. ಬಂದರೆ ಗಾಜಿನ ಹಿಂದೆ ರಂಗ, ವಿಠ್ಠಲ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಹೊಟ್ಟೆ ತುಂಬಿದ ಕಳ್ಳನಿಗೆ ಹಸಿದವರ ಕಣ್ಣು ತಾಳಲಾಗುವುದಿಲ್ಲ. ಪದ್ಮ ಅಡುಗೆಮನೆಯಲ್ಲಿದ್ದಾಗ ಒಂದು ಚಿಟಿಕೆ ಹಾಕಿಬಿಡುತ್ತಿದ್ದೆ. ಲಂಚವೆನ್ನಿ.

ಅವಳು ಹೋದ ಮೇಲೆ ಕಾಳಿನ ಡಬ್ಬಿ ನನ್ನ ಕೈಗೆ ಬಂತು. ಬಸ್ಸಿನ ಕಂಬಿಗೆ ನಾಣ್ಯ ಬಡಿಯುತ್ತಿದ್ದ ಹಾಗೆ ತೊಟ್ಟಿಯ ಮುಚ್ಚಳಕ್ಕೆ ಟಕ್ ಟಕ್ ಎಂದು ಬಡಿದರೆ ಸಾಕು, ಇಬ್ಬರೂ ಓಡಿ ಬರುತ್ತಿದ್ದರು. ಈ ವಯಸ್ಸಿನಲ್ಲಿ ನಾನು ಕರೆದರೆ ಓಡಿ ಬರುವವರು ಬೇರೆ ಯಾರಿದ್ದರು ಹೇಳಿ? ನಾನು ಚಹಾ ಕುಡಿದರೆ ಅವರಿಗೊಂದು ಚಿಟಿಕೆ. ಪೇಪರು ಓದಿ ಮುಗಿಸಿದರೆ ಒಂದು ಚಿಟಿಕೆ. ಪೇಪರಿನಲ್ಲಿ ಏನೂ ಇರದಿದ್ದರೆ ಎರಡು. ಕಾಳು ತಳ ಸೇರಿ ಕೊಳೆಯಿತು. ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಯಿತು. ಆಗ ನನ್ನ ಶುಚಿತ್ವ ಜಾಗೃತವಾಯಿತು. ಒಂದು ಮಧ್ಯಾಹ್ನ ತೊಟ್ಟಿ ಪೂರ್ತಿ ಖಾಲಿ ಮಾಡಿದೆ. ಕಲ್ಲು, ಗಾಜು, ನೀರು ಸೋಸುವ ಯಂತ್ರದ ಸ್ಪಂಜು, ಎಲ್ಲವನ್ನೂ ಪಾತ್ರೆ ತಿಕ್ಕುವ ಪುಡಿ ಹಾಕಿ ತಿಕ್ಕಿದೆ. ನಲ್ಲಿಯಿಂದ ಪೈಪು ಎಳೆದು ಹೊಸ ನೀರು ತುಂಬಿದೆ. ತೊಟ್ಟಿ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಮರುದಿನ ಮುಂಜಾನೆ ವಿಠ್ಠಲ ತೇಲುತ್ತಿದ್ದ. ತುಳಸಿಯ ಬುಡದಲ್ಲಿ ಮಣ್ಣು ಮಾಡಿದೆ. ಎದುರು ಮನೆಯ ನೀಲಮ್ಮ ಕೇಳಿದರೆ, 'ವಯಸ್ಸಾಗಿತ್ರೀ' ಎಂದೆ. ಇದು ಎರಡನೆಯ ತಪ್ಪೊಪ್ಪಿಗೆ.

ವಿಠ್ಠಲನ ಪಾಲನ್ನೂ ರಂಗನಿಗೇ ಹಾಕತೊಡಗಿದೆ. ಒಬ್ಬನೇ ಆಗಿದ್ದಾನಲ್ಲ ಎಂಬ ಮರುಕ. ಎರಡೇ ವಾರದಲ್ಲಿ ರಂಗನ ಹೊಟ್ಟೆ ನಿಂಬೆಹಣ್ಣಿನಂತೆ ಉಬ್ಬಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಸತ್ತನೆಂದುಕೊಂಡು ನಾಣ್ಯ ಬಡಿದೆ. ತಲೆಕೆಳಗಾಗಿಯೇ ನನ್ನ ಕಡೆಗೆ ಬರಲು ಒದ್ದಾಡಿದ. ಪದ್ಮಳ ಕೈತುತ್ತು ತಿಂದ ಜೀವಗಳಲ್ಲಿ ಉಳಿದದ್ದು ನಾನು ಮತ್ತು ಅವನು, ಇಬ್ಬರೇ.

ಮೀನಿನ ಅಂಗಡಿ ಇರುವುದು ರಾಯಚೂರಿನಲ್ಲಿ. ಅವಳ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ತೊಟ್ಟಿಯದೇ ನೀರು ತುಂಬಿ, ರಂಗನನ್ನು ಬಿಟ್ಟುಕೊಂಡು ಬಸ್ಸು ಹತ್ತಿದೆ. ಹಣೆಯ ಮೇಲೆ ಅಂಗಾರ-ಅಕ್ಷತೆ, ತೊಡೆಯ ಮೇಲೆ ಮೀನು. ಗಾಳಿಯಾಡಲೆಂದು ಮುಚ್ಚಳ ಓರೆ ಮಾಡಿದ್ದೆ. ಬಸ್ಸು ಕುಲುಕಿದಾಗಲೆಲ್ಲ ನೀರು ತುಳುಕುತ್ತಿತ್ತು.

"ಅಜ್ಜಾರ, ಸಾರು ಚೆಲ್ಲಾಕತ್ತದ ನೋಡ್ರಿ" ಎಂದ ಕಂಡಕ್ಟರ್.

"ಸಾರಲ್ಲಪ್ಪ. ಪೇಶಂಟ್."

ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಬಗ್ಗಿ ನೋಡಿ ಸೆರಗು ಮೂಗಿಗೆ ಹಿಡಿದಳು. "ಯವ್ವಾ! ಮೀನ! ನೋಡಾಕ ಮಠದ ಆಚಾರ್ರು ಇದ್ದಂಗ ಅದೀರಿ, ಡಬ್ಬ್ಯಾಗ ಇದೇನ್ರೀ?"

"ತಿನ್ನಾಕಲ್ಲವ್ವ, ತೋರ್ಸಾಕ. ಆರಾಮಿಲ್ಲ ಅದಕ್ಕ."

"ಹಂಗಂದ್ರ ಅರ್ಧ ಟಿಕೆಟ್ ತಗೋರಿ ಅದಕ್ಕೂ" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಇಂಥ ಮಾತಿಗೆ ತಿರುಗೇಟು ಕೊಡುವುದರಲ್ಲಿ ಒಂದು ಕಾಲಕ್ಕೆ ನನ್ನನ್ನು ಮೀರಿಸುವವರಿರಲಿಲ್ಲ. ಅಂದು ಡಬ್ಬಿಯಿಂದ ಕಣ್ಣು ಕೀಳಲಾಗಲಿಲ್ಲ.

ಅಂಗಡಿಯ ಗೌಸ್‌ಭಾಯ್ ಡಬ್ಬಿಯೊಳಗೆ ಇಣುಕಿದ. ಆಮೇಲೆ ರಂಗನನ್ನು ಬಿಟ್ಟು ನನ್ನನ್ನು ಪರೀಕ್ಷೆ ಮಾಡುವವನಂತೆ ನೋಡಿದ.

"ದಿನಕ್ಕ ಎಷ್ಟ್ ಸಲ ಹಾಕ್ತೀರಿ ಸಾಬ್?"

ನಾನು ಬೆರಳು ಮಡಚತೊಡಗಿದೆ. ಒಂದು ಕೈ ಮುಗಿದು ಎರಡನೆಯ ಕೈ ಎತ್ತಿದ್ದನ್ನು ನೋಡಿ ಅವನೇ ತಡೆದ. "ಬಸ್ ಬಸ್. ತಿಳೀತು. ಹೊಟ್ಟಿ ಕಟ್ಟ್ಯಾದ ಇದಕ್ಕ. ಒಳಗ ಗಾಳಿ ಚೀಲ ಇರ್ತದಲ್ರೀ, ಅದಕ್ಕ ಒತ್ತು ಬಿದ್ದು ಮಗುಚ್ಯಾದ."

"ಔಷಧ ಕೊಡಪ್ಪ."

"ಔಷಧ ಏನಿಲ್ರೀ. ಮೂರು ದಿನ ಏನೂ ಕೊಡಬ್ಯಾಡ್ರಿ. ಉಪಾಸ."

"ಮೂರು ದಿನ! ಸತ್ತು ಹೋಗ್ತದ!"

"ಉಪಾಸದಿಂದ ಇಷ್ಟ್ ಜಲ್ದಿ ಯಾರೂ ಸಾಯಂಗಿಲ್ರೀ. ನಾವು ತಿಂಗಳಿಡೀ ರೋಜಾ ಇರಂಗಿಲ್ಲೇನು? ನಿಮ್ಮೊಳಗೂ ಏನೋ ಅದಲ್ಲ, ಹದಿನೈದು ದಿನಕ್ಕೊಮ್ಮೆ?"

"ಏಕಾದಶಿ" ಎಂದೆ. ದನಿ ಯಾಕೋ ಸಣ್ಣದಾಯಿತು.

"ಹಾಂ, ಅದs. ಆರಾಮಾದ ಮ್ಯಾಲೂ ಅದನ್ನ ಮೀನಿಗೆ ಮಾಡಿಸ್ರಿ. ಭಾಳ ಛಲೋ."

ನನ್ನ ಕಂಡಕ್ಟರ್ ಕೆಲಸವನ್ನೂ ತೊಟ್ಟಿ ತೊಳೆದ ಕಥೆಯನ್ನೂ ಅವನೇ ಕೆದಕಿ ಹೊರಡಿಸಿದ. ಪಾತ್ರೆ ಪುಡಿಯ ಮಾತು ಬಂದಾಗ ಹಣೆ ಬಡಿದುಕೊಂಡ. "ಯಾ ಅಲ್ಲಾ! ಆ ಸ್ಪಂಜಿನಾಗ ಕಣ್ಣಿಗೆ ಕಾಣದ ಹುಳಾ ಇರ್ತಾವ್ರಿ. ಮೀನಿನ ಹೊಲಸು ತಿಂದು ನೀರು ಕಾಯೋರು ಅವs. ಎಲ್ಲಾ ಪಹರೇದವರನ್ನ ಒಂದs ದಿನ ಕೊಂದ್ರಿ. ಹೊಳಿಯೋ ನೀರು ಬ್ಯಾರೆ, ಛಲೋ ನೀರು ಬ್ಯಾರೆ ಸಾಬ್." ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನಲ್ಲಿ ನೀರಿನ ಔಷಧ ಹಾರಿಹೋಗಲು ಒಂದು ದಿನ ತೆರೆದಿಡಬೇಕು. ಮಾಳಿಗೆಯ ಟ್ಯಾಂಕಿನ ಕಾದ ನೀರು ಹಾಕಬಾರದು. ಸುಧಾರಿಸುವವರೆಗೆ ದಿನಕ್ಕೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ಬದಲಿಸಬೇಕು. ಅವನು ಹೇಳಿದಷ್ಟೇ ಕಲ್ಲುಪ್ಪು, ಅದೂ ಕರಗಿಸಿ. ಅವನು ಒಂದೊಂದು ಹೇಳಿದಂತೆಲ್ಲ ನನಗೆ ಪದ್ಮಳ ಬಕೆಟ್ಟೇ ಕಣ್ಣಮುಂದೆ ಬರುತ್ತಿತ್ತು. ಡಾಕ್ಟರು ಮೀನು ನೋಡಿಕೋ ಎಂದಿದ್ದು ಅವಳಿಗೆ. ನಾನು ಅವಳನ್ನು ನೋಡಿದ್ದರೂ ಸಾಕಿತ್ತು.

"ಆದರ ಅದು ಹಸಿದು ಓಡಿ ಬರ್ತದಲ್ಲ, ನಾ ಹೋದಾಗ?" ಎಂದೆ ಕೊನೆಗೆ.

"ಹಸಿವಲ್ರೀ ಅದು, ರೂಢಿ. ಗಾಜಿನ ಹತ್ರ ಯಾರು ಬಂದ್ರೂ ಬಾಯಿ ತಗೀತದ."

ಈ 'ಯಾರು ಬಂದರೂ' ಎಂಬುದು ನನಗೆ ನಾಟಿತು. ಜೊತೆಗಿರಲೆಂದು ಇನ್ನು ನಾಲ್ಕು ಮೀನು ಕೊಡು ಎಂದೆ. ಕೊಡಲಿಲ್ಲ. "ಮೊದಲು ನೀರು ಸುಧಾರಿಸ್ಲಿ. ಇದು ನಿಮ್ಮ ಬಸ್ಸಲ್ಲ, ಒಳಗ ಸರೀರಿ ಅಂದ್ರ ಸರಿಯಾಕ" ಎಂದು ರಂಗನನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸಿದ.

ಮೂರು ದಿನದ ಉಪವಾಸ ಸುಲಭವೆಂದುಕೊಂಡಿದ್ದೆ, ಉಪವಾಸ ಮಾಡುವವನು ನಾನಲ್ಲವಲ್ಲ. ಮೊದಲನೆಯ ದಿನವೇ ಕೈ ನಾಲ್ಕು ಸಲ ಕಾಳಿನ ಡಬ್ಬಿಯ ಕಡೆಗೆ ಹೋಯಿತು. ಊಟದ ತಾಟು ಹಿಡಿದು ಕೂತರೆ ಮಗುಚಿ ತೇಲುತ್ತಿದ್ದವನ ಒಂದು ಕಣ್ಣು ನನ್ನ ಮೇಲೆ. ಅಡುಗೆಮನೆಯಲ್ಲಿ ನಿಂತು ಉಂಡೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಸಾಲದೆ, ಡಬ್ಬಿ ಎತ್ತಿಕೊಂಡು ಹೋಗಿ ನೀಲಮ್ಮನವರ ಕೈಗೆ ಕೊಟ್ಟೆ. "ಇದನ್ನ ನೀವs ಇಟ್ಕೋರಿ. ನಾ ಕೇಳಿದ್ರೂ ಕೊಡಬ್ಯಾಡ್ರಿ."

ನೀಲಮ್ಮ ನನ್ನ ವಯಸ್ಸಿನವರೇ, ಪದ್ಮಳ ಗೆಳತಿ. ನಾಲಿಗೆ ಖಾರ. ಡಬ್ಬಿಯನ್ನೂ ನನ್ನನ್ನೂ ನೋಡಿದರು. "ಯಾಕ ಅಣ್ಣಾರ, ಈ ಮೀನಿಗೂ ವಯಸ್ಸಾತೇನು?"

ಹೇಳಿಬಿಟ್ಟೆ. ವಿಠ್ಠಲನದು, ಪಾತ್ರೆ ಪುಡಿಯದು, ಲಂಚದ ಚಿಟಿಕೆಯದು. ಹೇಳುತ್ತ ಹೇಳುತ್ತ ದೇವದುರ್ಗದ ಮಿರ್ಚಿಯವರೆಗೂ ಹೋದೆ. ಅವರು ಬೆರಗಾಗಲಿಲ್ಲ.

"ಅಕಿಗೆ ಎಲ್ಲಾ ಗೊತ್ತಿತ್ರೀ" ಎಂದರು. "ಏಕಾದಶಿ ಮರುದಿನ ನಿಮ್ಮ ಅಂಗಿ ಒಗಿಯಾಕ ತಗದ್ರ ಕಿಸೇದಾಗ ಮಂಡಾಳ ಸಿಗ್ತಿದ್ವು. ನನಗs ತಂದು ತೋರ್ಸ್ಯಾಳ."

"ಮತ್ತ ಒಂದು ದಿನಾನೂ ಕೇಳಲಿಲ್ಲಲ್ಲ ಅಕಿ?"

"ಕೇಳಿದ್ರ ಇಲ್ಲಂತ ಸುಳ್ಳು ಹೇಳ್ತಾರ, ಅವರ ತಲಿಗೆ ಇನ್ನೊಂದು ಪಾಪ ಯಾಕ ಕಟ್ಟಲಿ ಅಂತಿದ್ಲು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ನೀಲಮ್ಮ ಅಷ್ಟಕ್ಕೇ ಬಿಡಲಿಲ್ಲ. "ಮೀನಿಗೆ ಕದ್ದು ಹಾಕೋದೂ ಗೊತ್ತಿತ್ತು. ಅದಕ್ಕs ಹಿಂದಿನ ದಿನ ಒಂದು ಹೊತ್ತಿನ ಕಾಳು ತಪ್ಪಸ್ತಿದ್ಲು. 'ನಾಳಿಗೆ ಇವರು ಹಾಕ್ತಾರಲ್ಲ, ಸರಿ ಹೋಗ್ತದ' ಅಂತ."

ಅಂದರೆ ನನ್ನ ಕಳ್ಳತನಕ್ಕೂ ಅವಳು ತೊಟ್ಟಿಯಲ್ಲಿ ಮೊದಲೇ ಜಾಗ ಬಿಟ್ಟಿದ್ದಳು. ಎಂಟು ವರ್ಷ ಮೀನುಗಳು ಬದುಕಿದ್ದು ಹಾಗೆ. ನಾನೂ ಹಾಗೆಯೇ ಬದುಕಿದ್ದಿರಬೇಕು.

ಮೂರನೆಯ ದಿನ ರಂಗ ಓರೆಯಾದ. ನಾಲ್ಕನೆಯ ದಿನ ನೆಟ್ಟಗೆ ನಿಂತ. ಗೌಸ್‌ಭಾಯ್ ಹೇಳಿದಂತೆ ಒಂದೇ ಒಂದು ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ನುರಿದು ಹಾಕಿದೆ. ಮೂಸಿ, ಉಗುಳಿ, ಮತ್ತೆ ನುಂಗಿದ. ದ್ವಾದಶಿಯ ಪಾರಣೆಯನ್ನು ಅಷ್ಟು ಶ್ರದ್ಧೆಯಿಂದ ನಾನು ಹಿಂದೆಂದೂ ಮಾಡಿರಲಿಲ್ಲ. ಮುರಿಯದ ಉಪವಾಸಕ್ಕಲ್ಲವೇ ಪಾರಣೆ.

ಡಬ್ಬಿ ಈಗಲೂ ನೀಲಮ್ಮನವರಲ್ಲೇ ಇದೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಅಂಗೈ ಚಾಚಿಕೊಂಡು ಎದುರು ಮನೆಗೆ ಹೋಗುತ್ತೇನೆ. ಒಂದು ಚಿಟಿಕೆ ಕಾಳು ಹಾಕುತ್ತಾರೆ. ಜೊತೆಗೆ ಚಿಟಿಕೆಯಷ್ಟು ಮಾತು. 'ಬಿಸಿಲು ಭಾಳ ಅದಲ್ರೀ', 'ನಲ್ಲಿ ಬಂತೇನ್ರೀ', ಅಷ್ಟೇ. ಅಷ್ಟರಲ್ಲೇ ದಿನ ಕಳೆಯುತ್ತದೆ. ಎಷ್ಟು ಹಾಕಬೇಕೆಂದು ತಿಳಿದವರ ಕೈ ಅದು.

ಹೋದ ಏಕಾದಶಿಗೆ ನಾನು ನಿಜವಾದ ಉಪವಾಸ ಮಾಡಿದೆ, ತೊಟ್ಟು ನೀರೂ ಇಲ್ಲದೆ. ದೇವದುರ್ಗದಲ್ಲಿ ಯಾವ ಕೆಲಸವೂ ಹುಟ್ಟದಂತೆ ಮನೆಯಲ್ಲೇ ಕೂತೆ. ಸಂಜೆಯಾದಾಗ ಕಾಲು ಮಾತ್ರ ತಾನಾಗಿ ಎದುರು ಮನೆಗೆ ನಡೆಯಿತು. ನೀಲಮ್ಮನವರ ಮನೆಯಲ್ಲಿ ಏಕಾದಶಿಯಿಲ್ಲ, ಸೋಮವಾರವುಂಟು. ಆದರೂ ಕ್ಯಾಲೆಂಡರ್ ನೋಡಿಟ್ಟಿದ್ದರು. "ಇವತ್ತು ನಿಮಗೂ ಇಲ್ಲ, ಅದಕ್ಕೂ ಇಲ್ಲ. ಗೊತ್ತಿದ್ದೂ ಯಾಕ ಬಂದ್ರಿ?" ಎಂದರು.

ಏನೋ ಹೇಳಲೆಂದು ಬಾಯಿ ತೆರೆದೆ. ತೆರೆದ ಬಾಯಿ ತೆರೆದೇ ಇತ್ತು. ನೀಲಮ್ಮ ಒಂದು ಗಳಿಗೆ ನನ್ನ ಮುಖ ನೋಡಿ ಒಳಗೆ ಹೋದರು, ಒಂದು ಲೋಟ ನೀರು ತಂದರು. "ಕೂಡ್ರಿ. ನೀರಾದ್ರೂ ಕುಡೀರಿ."

"ನಿನ್ನೆ ತುಂಬಿದ್ದೇನ್ರೀ?" ಎಂದು ಕೇಳಿದೆ, ರೂಢಿಯಿಂದ.

"ಕುಡೀರಿ ಸುಮ್ನ" ಎಂದು ಗದರಿದರು. ಕುಡಿದೆ. ಹೀಗೆ ಆ ಏಕಾದಶಿಯೂ ಮುರಿಯಿತು. ಮನೆಗೆ ಬಂದವನೇ, ಬಾಯಿ ಮುಕ್ಕಳಿಸದೆ, ಮುಖ ಬಾಡಿಸದೆ ತೊಟ್ಟಿಯ ಮುಂದೆ ನಿಂತು ರಂಗನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಗಾಜಿನ ಹತ್ತಿರ ಬಂದು ಬಾಯಿ ತೆರೆದ. ನನ್ನ ಅಂಗೈ ಖಾಲಿಯಿತ್ತು. ಬಹಳ ಹೊತ್ತಿನವರೆಗೂ ಅವನು ಅಲ್ಲೇ ನಿಂತಿದ್ದ.